ಮೆಗಾಡಂಜನ್: ಇಳಿದವರು ವಾಪಸ್ ಹತ್ತಿ ಬರಬೇಕಾದ ಆಟ

ಡಂಜನ್ ಅಂದರೆ ರೋಲ್‌ಪ್ಲೇಯಿಂಗ್ ಆಟದಲ್ಲಿ ಪಾತ್ರಗಳು ಇಳಿದು ನಿಧಿ ಹುಡುಕುವ ನೆಲದಡಿಯ ರೂಮು, ಸುರಂಗಗಳ ಜಾಲ; ಅದು ತುಂಬಾ ದೊಡ್ಡದಾದರೆ ಮೆಗಾಡಂಜನ್. ಮೆಗಾಡಂಜನ್ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, "ಎಷ್ಟು ರೂಮು ಇರಬೇಕು?" ಇನ್ನೂರಾ, ಐನೂರಾ, ಸಾವಿರವಾ? ಈ ಪ್ರಶ್ನೆಯಿಂದ ಶುರು ಮಾಡಿದವರ ಮ್ಯಾಪು ಬರೆಯುವ ಗ್ರಾಫ್ ಪುಸ್ತಕ ಸಾಮಾನ್ಯವಾಗಿ ಎರಡನೇ ಲೆವೆಲ್‌ಗೇ ನಿಂತುಬಿಡುತ್ತದೆ. ಮೊದಲು ಕೇಳಬೇಕಾದ್ದು ಬೇರೆ: ಒಳಗೆ ಹೋದವರು ಹೊರಗೆ ಹೇಗೆ ಬರುತ್ತಾರೆ? ಅಭಿಮನ್ಯುವಿಗೆ ಚಕ್ರವ್ಯೂಹದೊಳಗೆ ನುಗ್ಗುವುದು ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಮೆಗಾಡಂಜನ್ ಕ್ಯಾಂಪೇನ್ ಪೂರ್ತಿ ನಿಂತಿರುವುದು ಆ ಒಂದು ಕಷ್ಟದ ಮೇಲೆ. ಮ್ಯಾಪು, ದಾಳ, ರಾಕ್ಷಸರು, ಚಿನ್ನ, ಎಲ್ಲವನ್ನೂ ಆ ಕಡೆಯಿಂದ ನೋಡಿದರೆ ಯಾವುದು ಯಾಕಿದೆ ಅಂತ ಗೊತ್ತಾಗುತ್ತದೆ.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡದವರಿಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಆಟ ನಡೆಸುತ್ತಾರೆ, ಅವರು ಡಿಎಂ, ಅಂದರೆ ಡಂಜನ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. ಎದುರಿಗೆ ಏನಿದೆ ಅಂತ ಡಿಎಂ ಹೇಳುತ್ತಾರೆ, ಏನು ಮಾಡುತ್ತೇವೆ ಅಂತ ಆಟಗಾರರು ಹೇಳುತ್ತಾರೆ. ಏನಾಗುತ್ತದೋ ಹೇಳಲು ಬರದಿದ್ದಾಗ ದಾಳ ಉರುಳುತ್ತದೆ. ಅದೇ ಪಾತ್ರಗಳನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಆಡಿದರೆ ಅದು ಕ್ಯಾಂಪೇನ್. ಮಾಮೂಲಿ ಡಂಜನ್ ಒಂದೆರಡು ಸೆಷನ್‌ನಲ್ಲಿ ಖಾಲಿ. ಹೋದರು, ಹೊಡೆದರು, ಬಂದರು. ಮೆಗಾಡಂಜನ್ ಹಾಗೆ ಮುಗಿಯುವುದಿಲ್ಲ. ಮತ್ತೆ ಮತ್ತೆ ಅದೇ ಜಾಗಕ್ಕೆ ಇಳಿಯುತ್ತಾರೆ, ಪ್ರತಿ ಸಲ ಇನ್ನೊಂದಿಷ್ಟು ನೋಡಿಕೊಂಡು ಬರುತ್ತಾರೆ.

ಇದು ಈಚಿನ ಫ್ಯಾಷನ್ ಏನಲ್ಲ. ಈ ಆಟ ಹುಟ್ಟಿದ್ದೇ ಹೀಗೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡೇವ್ ಆರ್ನೆಸನ್ ತಮ್ಮ ಗೆಳೆಯರನ್ನು ಬ್ಲ್ಯಾಕ್‌ಮೂರ್ ಕೋಟೆಯ ನೆಲಮಾಳಿಗೆಗಳಲ್ಲಿ ಅಲೆದಾಡಿಸಿದರು. ಅದನ್ನು ಆಡಿ ನೋಡಿದ ಗ್ಯಾರಿ ಗೈಗ್ಯಾಕ್ಸ್ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ತಮ್ಮದೇ ಗ್ರೇಹಾಕ್ ಕೋಟೆ ಬರೆದರು. ಇಬ್ಬರ ಹೆಸರಿನಲ್ಲಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು: ಒಂದು ಡಬ್ಬಿ, ಮೂರು ಪುಟ್ಟ ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ಒಳ್ಳೆ ಡಂಜನ್‌ಗೆ ಕಡಿಮೆ ಅಂದರೂ ಹನ್ನೆರಡು ಲೆವೆಲ್ ಇರಬೇಕು ಅಂತ ಅದರಲ್ಲಿ ಬರೆದಿತ್ತು. ಇನ್ನೊಂದು ಸಾಲು ಇನ್ನೂ ಮಜಾ. ಒಂದು ಕ್ಯಾಂಪೇನ್‌ನಲ್ಲಿ 4ರಿಂದ 50 ಜನ ಆಡಬಹುದಂತೆ! ಐವತ್ತೂ ಜನ ಒಟ್ಟಿಗೆ ಬಂದು ಕೂರುವ ಲೆಕ್ಕ ಅಲ್ಲ ಅದು. ಇವತ್ತು ಇವರು, ನಾಳೆ ಅವರು, ಡಂಜನ್ ಮಾತ್ರ ಒಂದೇ. ಬೆಂಗಳೂರಿನ ಮಾತು ಬಂದಾಗ ಈ ಸಾಲು ಮತ್ತೆ ಬೇಕಾಗುತ್ತದೆ.

ಲೆವೆಲ್ ಅಂದರೆ ಮಹಡಿ, ಕೆಳಕ್ಕೆ ಎಣಿಸುವ ಮಹಡಿ. ಅತಲ, ವಿತಲ, ಸುತಲ ಅಂತ ಶುರು ಮಾಡಿ ಪಾತಾಳದ ತನಕ ಏಳು ಲೋಕ ಎಣಿಸಿಟ್ಟವರು ನಾವು, ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಳಿದಷ್ಟೂ ಅಪಾಯ ಜಾಸ್ತಿ, ಸಿಗುವ ಸಂಪತ್ತೂ ಜಾಸ್ತಿ. ಹಾಗಾಗಿ ಇವತ್ತು ಎಷ್ಟು ಅಪಾಯ ಬೇಕು ಅನ್ನುವುದನ್ನು ಡಿಎಂ ಅಳೆದು ತೂಗಿ ಕೊಡಬೇಕಾಗಿಲ್ಲ. ಮೆಟ್ಟಿಲ ಬಳಿ ನಿಂತ ಆಟಗಾರರೇ ತೀರ್ಮಾನ ಮಾಡುತ್ತಾರೆ. ಹೊಸಬರು ದುರಾಸೆಗೆ ಬಿದ್ದು ಮೂರನೇ ಲೆವೆಲ್‌ಗೆ ಇಳಿದು ಸತ್ತರೆ ಅದು ಅವರ ಲೆಕ್ಕ. ಒಂದೇ ಷರತ್ತು, ತಾವು ನಿಂತಿರುವುದು ಮೂರನೇ ಲೆವೆಲ್ ಅಂತ ಅವರಿಗೆ ಗೊತ್ತಿರಬೇಕು. ಗೊತ್ತಾಗದಂಥ ಇಳಿಜಾರಿನಲ್ಲಿ ಕೆಳಗೆ ಕರೆದೊಯ್ಯುವ ಹಳೇ ತಂತ್ರ ಒಂದಿದೆ. ಅದನ್ನು ಅಪರೂಪಕ್ಕೆ ಬಳಸಿದರೆ ಚೆನ್ನ.

ಇನ್ನು ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಬಹಳ ಜನ ಈ ಭಾಗವನ್ನು ಬೋರು ಅಂತ ಬಿಟ್ಟುಬಿಡುತ್ತಾರೆ, ಆಮೇಲೆ ಡಂಜನ್ ಯಾಕೋ ಸಪ್ಪೆ ಅನ್ನುತ್ತಾರೆ. 1981ರಲ್ಲಿ ಟಾಮ್ ಮೋಲ್ಡ್‌ವೇ ತಿದ್ದಿ ಬರೆದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಬೇಸಿಕ್ ನಿಯಮಗಳನ್ನೇ ತೆಗೆದುಕೊಳ್ಳಿ. ಡಂಜನ್ ಒಳಗಿನ ಸಮಯವನ್ನು 10 ನಿಮಿಷದ ಟರ್ನ್‌ಗಳಲ್ಲಿ ಎಣಿಸುತ್ತಾರೆ. ಮೈಮೇಲೆ ಹೊರೆ ಇಲ್ಲದವರು ಸುತ್ತಮುತ್ತ ನೋಡುತ್ತಾ, ಮ್ಯಾಪು ಬರೆದುಕೊಳ್ಳುತ್ತಾ ಒಂದು ಟರ್ನ್‌ನಲ್ಲಿ 120 ಅಡಿ ಹೋಗಬಹುದು. ಒಂದು ಪಂಜು 6 ಟರ್ನ್ ಉರಿಯುತ್ತದೆ, ಅಂದರೆ ಒಂದು ಗಂಟೆ. ಲಾಂದ್ರಕ್ಕೆ ಒಂದು ಸಲ ಎಣ್ಣೆ ತುಂಬಿದರೆ 24 ಟರ್ನ್. ಎರಡು ಟರ್ನ್‌ಗೊಮ್ಮೆ ಡಿಎಂ ಆರು ಮುಖದ ದಾಳ ಹಾಕುತ್ತಾರೆ. 1 ಬಿದ್ದರೆ ಕತ್ತಲಲ್ಲಿ ಅಲೆಯುವ ಯಾವುದೋ ಒಂದು ಎದುರಿಗೆ ಬರುತ್ತದೆ. ಲೆಕ್ಕ ಹಾಕಿದರೆ, ಒಂದು ಗಂಟೆ ಒಳಗಿದ್ದರೆ ಒಂದಾದರೂ ಎದುರಾಗುವ ಸಾಧ್ಯತೆ ಶೇ. 42. ನಾಲ್ಕು ಗಂಟೆ ಇದ್ದರೆ ಶೇ. 89. ಹೀಗೆ ಅಲೆಯುವವುಗಳ ಹತ್ತಿರ ಹೇಳಿಕೊಳ್ಳುವಂಥ ನಿಧಿ ಇರುವುದಿಲ್ಲ. ಅವುಗಳ ಜೊತೆ ಹೊಡೆದಾಟ ಅಂದರೆ ಬರೀ ನಷ್ಟ.

ನಷ್ಟ ಯಾಕೆಂದರೆ ಹಳೆಯ ನಿಯಮದಲ್ಲಿ ಪಾತ್ರ ಬೆಳೆಯುವುದು ಚಿನ್ನದಿಂದ. ಹೊರಗೆ ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವ ಅಂಕ. ಒಬ್ಬ ಯೋಧ ಎರಡನೇ ಹಂತಕ್ಕೆ ಏರಲು 2000 ಅಂಕ ಬೇಕು. ಒಂದು ಗಾಬ್ಲಿನ್, ಅಂದರೆ ಪುಟ್ಟ ರಾಕ್ಷಸನನ್ನು ಸೋಲಿಸಿದರೆ 5 ಅಂಕ, ಅದೂ ತಂಡದವರೆಲ್ಲ ಹಂಚಿಕೊಳ್ಳಬೇಕು. ಕತ್ತಿ ಬೀಸುತ್ತಾ ಕೂತರೆ ಯಾವ ಕಾಲಕ್ಕೆ ಉದ್ಧಾರ? ಆದ್ದರಿಂದ ಜಾಣ ಆಟಗಾರರು ಜಗಳ ತಪ್ಪಿಸಿಕೊಂಡು ನಿಧಿ ಹುಡುಕುತ್ತಾರೆ. "ಹೊರಗೆ ತಂದ" ಅನ್ನುವುದನ್ನು ಮತ್ತೊಮ್ಮೆ ಓದಿ. ಪೆಟ್ಟಿಗೆ ಕಂಡರೆ ಅಂಕ ಇಲ್ಲ, ತೆರೆದರೂ ಇಲ್ಲ, ಹೊತ್ತು ತರಬೇಕು. ನಾಣ್ಯಕ್ಕೆ ತೂಕವೂ ಇದೆ. 400 ನಾಣ್ಯದ ತೂಕದವರೆಗೆ ಹೊತ್ತವರು ಪೂರ್ತಿ ವೇಗದಲ್ಲಿ ನಡೆಯುತ್ತಾರೆ. 800 ದಾಟಿದರೆ ವೇಗ ಒಂದು ಟರ್ನ್‌ಗೆ 30 ಅಡಿ. ಬಾಗಿಲು 480 ಅಡಿ ದೂರದಲ್ಲಿದೆ ಅಂದುಕೊಳ್ಳಿ. ಖಾಲಿ ಕೈಯವರಿಗೆ 4 ಟರ್ನ್, ಎರಡು ಸಲ ದಾಳ, ಯಾವುದಾದರೂ ಎದುರಾಗುವ ಸಾಧ್ಯತೆ ಶೇ. 31. ಚಿನ್ನ ಹೊತ್ತವರಿಗೆ 16 ಟರ್ನ್, ಎಂಟು ಸಲ ದಾಳ, ಶೇ. 77. ಮೇಲಾಗಿ ಎರಡೂವರೆ ಪಂಜಿಗಿಂತ ಹೆಚ್ಚು ಉರಿದುಹೋಗಿರುತ್ತದೆ. ಹೋಗುವಾಗಿನ ದಾರಿ ಬರುವಾಗ ಹಾಗೇ ಇರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಬೆಂಗಳೂರಿನಲ್ಲಿ ಈಗ ಹೊಸದಾಗಿ ಆಡಲು ಬರುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿ, 2014ರದ್ದು ಅಥವಾ ಆಮೇಲೆ ತಿದ್ದಿದ್ದು. ಅದರಲ್ಲಿ ಈ ಯಂತ್ರ ಕೆಲಸ ಮಾಡುವುದಿಲ್ಲ. ಅಂಕ ಬರುವುದು ಮುಖ್ಯವಾಗಿ ರಾಕ್ಷಸರನ್ನು ಸೋಲಿಸಿದ್ದಕ್ಕೆ, ಅರ್ಧ ಪಾತ್ರಗಳಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಬೆಳಕಿನ ಮಂತ್ರ ಎಷ್ಟು ಸಲ ಬೇಕಾದರೂ ಹಾಕಬಹುದು. ಐದನೇ ಆವೃತ್ತಿಯಲ್ಲೇ ಮೆಗಾಡಂಜನ್ ನಡೆಸುವ ಹಠ ಇದ್ದರೆ ಕಡೇಪಕ್ಷ ಚಿನ್ನಕ್ಕೆ ಅಂಕ ಕೊಡಿ, ಹೊರೆಯ ಲೆಕ್ಕ ಇಡಿ, ಡಂಜನ್ ಒಳಗೆ ಎಂಟು ಗಂಟೆ ಮಲಗಿ ಎದ್ದು ಎಲ್ಲ ಶಕ್ತಿ ವಾಪಸ್ ಪಡೆಯುವುದನ್ನು ನಿಲ್ಲಿಸಿ. ಇಷ್ಟೆಲ್ಲ ರಿಪೇರಿ ಮಾಡುವ ಬದಲು 1981ರ ನಿಯಮಗಳನ್ನೇ ಹಿಡಿಯುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ. ಪಾತ್ರ ತಯಾರಾಗಲು ಹತ್ತು ನಿಮಿಷ ಸಾಕು, ಸತ್ತರೆ ಇನ್ನೊಂದು ಹತ್ತು ನಿಮಿಷ.

ಮ್ಯಾಪಿನ ವಿಷಯಕ್ಕೆ ಬಂದರೆ ಒಂದು ಹೆಸರು ಹೇಳಲೇಬೇಕು, ಡಂಜನ್ ಬರೆಯುತ್ತಿದ್ದ ಜೆನೆಲ್ ಜಾಕ್ವೇಸ್. 1979ರಲ್ಲಿ ಬಂದ ಕ್ಯಾವರ್ನ್ಸ್ ಆಫ್ ಥ್ರೇಸಿಯಾ ಅನ್ನುವ ಡಂಜನ್ ಪುಸ್ತಕ ಅವರದು. 2024ರಲ್ಲಿ ತೀರಿಕೊಂಡರು. ಅವರ ಡಂಜನ್‌ಗಳಲ್ಲಿ ಒಂದೇ ದಾರಿ ಅನ್ನುವುದು ಇರುತ್ತಿರಲಿಲ್ಲ. ಒಳಗೆ ಬರಲು ಹಲವು ಬಾಗಿಲು, ಕೆಳಗಿಳಿಯಲು ಹಲವು ಮೆಟ್ಟಿಲು, ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಸೇರುವ ಹಾದಿಗಳು, ಒಂದು ಲೆವೆಲ್ ಬಿಟ್ಟು ಇನ್ನೊಂದಕ್ಕೆ ನೇರ ಇಳಿಯುವ ಬಾವಿಗಳು. ಇದು ಬರೀ ಚಂದಕ್ಕಲ್ಲ. ಒಂದರ ಹಿಂದೆ ಒಂದು ರೂಮು ಸಾಲಾಗಿದ್ದರೆ ಆಟಗಾರರ ಮುಂದೆ ಎರಡೇ ಆಯ್ಕೆ, ಮುಂದೆ ಹೋಗು ಇಲ್ಲ ಹಿಂದೆ ಬಾ. ದಾರಿಗಳು ಸುತ್ತು ಹಾಕಿಕೊಂಡಿದ್ದರೆ ಹಿಂದಿನಿಂದ ಬರಬಹುದು, ಬೆನ್ನಟ್ಟುವವರಿಂದ ತಪ್ಪಿಸಿಕೊಳ್ಳಬಹುದು, ಕಾವಲಿನವರನ್ನು ಬಿಟ್ಟು ಬೇರೆ ಕಡೆಯಿಂದ ನುಗ್ಗಬಹುದು. ಹತ್ತಿರದ ದಾರಿ ಪತ್ತೆಯಾದ ದಿನ ತಂಡಕ್ಕೆ ನಿಧಿ ಸಿಕ್ಕಷ್ಟೇ ಖುಷಿ, ಯಾಕೆಂದರೆ ವಾಪಸ್ ಬರುವಾಗ ಎಂಟು ಸಲ ಬೀಳುತ್ತಿದ್ದ ದಾಳ ಮೂರೇ ಸಲ ಬೀಳುತ್ತದೆ.

ಖಾಲಿ ರೂಮು ಬಿಡಲು ಹೊಸ ಡಿಎಂಗಳಿಗೆ ಭಯ. ಬಿಡಿ, ಧಾರಾಳವಾಗಿ ಬಿಡಿ. ಮೋಲ್ಡ್‌ವೇ ಪಟ್ಟಿಯಲ್ಲಿ ಪ್ರತಿ ರೂಮಿಗೆ ಒಂದು ದಾಳ: 1 ಅಥವಾ 2 ಬಿದ್ದರೆ ರಾಕ್ಷಸ, 3 ಬಿದ್ದರೆ ಒಳಬಂದವರನ್ನು ಸಿಕ್ಕಿಸುವ ಬಲೆ, 4 ಬಿದ್ದರೆ ವಿಚಿತ್ರವಾದದ್ದೇನೋ, 5 ಅಥವಾ 6 ಬಿದ್ದರೆ ಖಾಲಿ. ಮೂರರಲ್ಲಿ ಒಂದು ಭಾಗ ಖಾಲಿ! ಎಲ್ಲ ಬಾಗಿಲ ಹಿಂದೆಯೂ ಏನಾದರೂ ಇದ್ದರೆ ಓಡಿಹೋಗಲು ಜಾಗ ಎಲ್ಲಿದೆ? ಅಡಗಿ ಕೂತು ಎಣ್ಣೆ ತುಂಬಿಕೊಳ್ಳುವುದು ಎಲ್ಲಿ? ಖಾಲಿ ಅಂದರೆ ಏನೂ ಇಲ್ಲ ಅಂತಲೂ ಅಲ್ಲ. ಒಡೆದ ಮಡಕೆ, ಯಾರೋ ಒಲೆ ಹಚ್ಚಿದ ಗುರುತು, ಗೋಡೆಯಲ್ಲಿ ಗೀಚಿದ ಬಾಣದ ಗುರುತು ಇರಲಿ. ಅದು ಮುಂದಿನ ರೂಮಿನ ಸುಳಿವು.

ವಿಷಯ ಎಲ್ಲಿಂದ ತರುವುದು? ಯುರೋಪಿನ ಕೋಟೆ, ಮಾಂತ್ರಿಕನ ಗೋಪುರ ಇವೇ ಆಗಬೇಕೆಂದೇನಿಲ್ಲ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ದೂರದಲ್ಲಿ ನಿಜವಾದ ಮೆಗಾಡಂಜನ್ ಒಂದಿದೆ, ಕೆಜಿಎಫ್. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ. ಬ್ರಿಟಿಷರಿಗೂ ಮುಂಚೆ ಊರಿನವರು ಅಲ್ಲಿ ಚಿನ್ನ ತೆಗೆಯುತ್ತಿದ್ದರು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದ್ದ ಮಾಜಿ ಸೈನಿಕ ಮೈಕೆಲ್ ಲ್ಯಾವೆಲ್ ಗಣಿ ಹಕ್ಕು ಪಡೆದರು. ನಮ್ಮ ಲ್ಯಾವೆಲ್ ರಸ್ತೆ ಅವರ ಹೆಸರಿನದೇ. 1880ರಿಂದ ಜಾನ್ ಟೇಲರ್ ಕಂಪನಿ ಕೆಳಕ್ಕೆ ಕೊರೆಯುತ್ತಾ ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. 1965ರಲ್ಲಿ ಅದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು, ಅಂದರೆ ಭೂಮಿಯನ್ನೇ ತೂರಿ ಹೋಗಬಲ್ಲ ಸೂಕ್ಷ್ಮ ಕಣಗಳನ್ನು, ಪತ್ತೆ ಮಾಡಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಂಪುಗಳು ನಿಂತವು, ಕೆಳಗಿನ ಸುರಂಗಗಳಲ್ಲಿ ನೀರು ತುಂಬಿತು.

ಇಷ್ಟು ಓದಿದ ಮೇಲೆ ಡಂಜನ್ ತಾನಾಗೇ ಎದ್ದು ನಿಲ್ಲುವುದಿಲ್ಲವಾ? ಯಾರು ಕಟ್ಟಿದರು, ಆಮೇಲೆ ಯಾರು ಹಿಡಿದರು, ಯಾಕೆ ಬಿಟ್ಟುಹೋದರು ಅಂತ ಮೂರು ಪದರ ಇದ್ದರೆ ಸಾಕು, ರೂಮುಗಳು ಹುಟ್ಟುತ್ತವೆ. ನಿಜವಾದ ಕೆಜಿಎಫ್‌ನಲ್ಲಿ ದುಡಿದವರ, ಸತ್ತವರ ಮನೆಯವರು ಇನ್ನೂ ಇದ್ದಾರೆ, ಆದ್ದರಿಂದ ಹೆಸರು ಬದಲಿಸಿ ಕಲ್ಪನೆಯ ಗಣಿ ಮಾಡಿಕೊಳ್ಳೋಣ. ಮೊದಲ ಲೆವೆಲ್‌ನಲ್ಲಿ ಹಳೇ ಕಾಲದವರು ಕೈಯಲ್ಲಿ ಕೆತ್ತಿದ ಇಕ್ಕಟ್ಟಾದ ಗುಂಡಿಗಳು. ಎರಡನೆಯದರಲ್ಲಿ ಕಂಪನಿಯ ಅಗಲವಾದ ಸುರಂಗ, ಹಳಿ, ತುಕ್ಕು ಹಿಡಿದ ಕೇಜ್ (ಗಣಿಯ ಲಿಫ್ಟ್), ಪಂಪ್‌ಹೌಸ್. ಮೂರನೆಯದು ಅರ್ಧ ನೀರಲ್ಲಿ. ನಾಲ್ಕನೆಯದರಲ್ಲಿ ಒಂದು ಮೌನ ಮಠ. ಆಕಾಶದಿಂದ ಭೂಮಿಯನ್ನು ತೂರಿ ಬರುವ ಸದ್ದು ಕೇಳಿಸಿಕೊಳ್ಳಲು ಕೂತ ಸನ್ಯಾಸಿಗಳು, ಅವರ ಮುಂದೆ ಬಾಯಿಬಿಟ್ಟು ಮಾತಾಡಿದವರನ್ನು ಕೊಲ್ಲುತ್ತಾರೆ. ಕೊನೆಯದು ವಿಜ್ಞಾನದಿಂದ ಕದ್ದದ್ದು, ನನಗೆ ಬಹಳ ಇಷ್ಟ.

ಈಗ ಅಲ್ಲಿ ವಾಸ ಇರುವವರು. ಪಂಪ್‌ಹೌಸ್ ಹಿಡಿದಿರುವ ಕುಳ್ಳರ ಗುಂಪು ಒಂದು, ಹಗಲೂ ರಾತ್ರಿ ನೀರೆತ್ತುತ್ತದೆ. ಕೆಳಗೆ ಕಪ್ಪೆಜನ, ಅವರಿಗೆ ನೀರು ಮೇಲೆ ಬರಬೇಕು. ಹೊರಗಿನ ಪೇಟೆಯಲ್ಲಿ ಒಬ್ಬ ಸಾಹುಕಾರ, ಅವನಿಗೆ ಮೂರನೇ ಲೆವೆಲ್ ಪೂರ್ತಿ ಒಣಗಬೇಕು, ಕಾರಣ ಹೇಳುವುದಿಲ್ಲ. ಆಟಗಾರರು ಯಾರ ಕಡೆ ಸೇರುತ್ತಾರೆ ಅಂತ ನೀವು ಮೊದಲೇ ತೀರ್ಮಾನಿಸಬೇಡಿ. ಪಂಪು ನಿಂತರೆ ಮೂರನೇ ಲೆವೆಲ್ ಮುಳುಗುತ್ತದೆ, ಕೆಲವು ದಾರಿ ಮುಚ್ಚುತ್ತವೆ, ಆದರೆ ದೋಣಿಯಲ್ಲಿ ಎತ್ತರದ ಬಾಗಿಲೊಂದನ್ನು ಮುಟ್ಟಬಹುದು. ಪಂಪು ಜೋರಾದರೆ ಕೆಳಗಿನ ಮೆಟ್ಟಿಲು ಕಾಣುತ್ತದೆ, ಜೊತೆಗೆ ಮೇಲೆ ಹತ್ತಿ ಬರುವವರಿಗೂ ದಾರಿ ಆಗುತ್ತದೆ. ಒಂದೇ ಮ್ಯಾಪಿನಿಂದ ಎರಡು ಡಂಜನ್ ಸಿಕ್ಕಿತು.

ಇಂಥ ಗುಂಪುಗಳು ಕೆಲಸ ಮಾಡಬೇಕಾದರೆ ಎದುರಾದವರೆಲ್ಲ ಮೇಲೆ ಬೀಳಬಾರದು. ಹಳೇ ನಿಯಮದಲ್ಲಿ ಇದಕ್ಕೂ ದಾಳ ಇದೆ. ಎದುರಿಗೆ ಬಂದವರ ಮನಸ್ಸು ಹೇಗಿದೆ ಅಂತ ಎರಡು ದಾಳ ಹಾಕಿ ಕೂಡುತ್ತಾರೆ. 2 ಬಿದ್ದರೆ ಮಾತ್ರ ನೇರ ದಾಳಿ, ಅದರ ಸಾಧ್ಯತೆ 36ರಲ್ಲಿ 1. 6ರಿಂದ 8ರವರೆಗೆ ಬಿದ್ದರೆ ಏನು ಮಾಡಬೇಕೋ ಅವರಿಗೇ ಗೊತ್ತಿಲ್ಲ. ಇದೇ ಹೆಚ್ಚು, 36ರಲ್ಲಿ 16. 12 ಬಿದ್ದರೆ ದೋಸ್ತಿ. ಮಾತುಕತೆ, ಲಂಚ, ಬೆದರಿಕೆ, ಸುಳ್ಳು, ಎಲ್ಲ ಈ ನಡುವಿನ ಜಾಗದಲ್ಲಿ ನಡೆಯುತ್ತದೆ. ಬಹುಪಾಲು ಡಿಎಂಗಳು ಈ ದಾಳ ಹಾಕುವುದೇ ಇಲ್ಲ, ಅದೇ ಬೇಜಾರು.

ಗಾಳಿಸುದ್ದಿಗೆ ನಮ್ಮೂರಲ್ಲಿ ಬರ ಇಲ್ಲ. ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದಿಂದ ಶಿವಗಂಗೆಗೆ ಸುರಂಗ ಇದೆ, ಕಾಶಿಗೂ ಇದೆ ಅಂತ ಬಸವನಗುಡಿ ಕಡೆ ಕೇಳದವರು ಕಡಿಮೆ. ನಿಮ್ಮ ಡಂಜನ್ ಬಗ್ಗೆಯೂ ಪೇಟೆಯಲ್ಲಿ ಇಂಥ ಹತ್ತು ಮಾತು ಓಡಾಡಲಿ. ಕೆಲವು ನಿಜ, ಕೆಲವು ಅರ್ಧ ನಿಜ, ಒಂದೆರಡು ಶುದ್ಧ ಸುಳ್ಳು. ಆಟ ಶುರುವಾಗುವ ಮುಂಚೆ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟರೆ, "ಇವತ್ತು ಎಲ್ಲಿಗೆ ಹೋಗೋಣ?" ಅನ್ನುವ ಚರ್ಚೆ ನೀವು ಬಾಯಿ ಬಿಡದೆ ಶುರುವಾಗುತ್ತದೆ.

ನಡೆಸುವ ವಿಷಯದಲ್ಲಿ ಬೆಂಗಳೂರಿನ ಕಷ್ಟ ಎಲ್ಲರಿಗೂ ಗೊತ್ತು. ಐದು ಜನರ ಗುಂಪು, ಶನಿವಾರ ಸಂಜೆ ಐದಕ್ಕೆ ಅಂತ ಮಾತು. ಮೂರು ಗಂಟೆಗೆ ವಾಟ್ಸಾಪ್‌ನಲ್ಲಿ "ಮಗಾ, ಆಫೀಸ್ ಕಾಲ್ ಬಂತು, ಆಗಲ್ಲ" ಅಂತ ಒಬ್ಬ. ಇನ್ನೊಬ್ಬಳು ಲಾಂಗ್ ವೀಕೆಂಡ್ ಅಂತ ಊರಿಗೆ ಹೋಗಿರುತ್ತಾಳೆ. ವೈಟ್‌ಫೀಲ್ಡ್‌ನಿಂದ ರಾಜಾಜಿನಗರಕ್ಕೆ ಹೊರಟವನು ಇನ್ನೂ ದಾರಿಯಲ್ಲಿ. ಕಥೆ ಹೆಣೆದ ಕ್ಯಾಂಪೇನ್ ಆದರೆ ಅವತ್ತಿನ ಆಟ ಅಲ್ಲಿಗೇ ಮುಗಿಯಿತು, ರಾಜಕುಮಾರನೇ ಬಂದಿಲ್ಲ ಅಂದರೆ ಪಟ್ಟಾಭಿಷೇಕ ಯಾರಿಗೆ? ಮೆಗಾಡಂಜನ್‌ಗೆ ಈ ತೊಂದರೆ ಇಲ್ಲ. 4ರಿಂದ 50 ಜನ ಅಂದಿದ್ದು ನೆನಪಿದೆಯಲ್ವಾ? ಗ್ರೂಪಿನಲ್ಲಿ ಹದಿನೈದು ಜನ ಇರಲಿ, ಅವತ್ತು ಯಾರು ಬಂದರೋ ಅವರೇ ತಂಡ. ಬಂದವರು ಇಳಿಯುತ್ತಾರೆ, ಬಾರದವರ ಪಾತ್ರ ಪೇಟೆಯ ಛತ್ರದಲ್ಲಿ ಮಲಗಿರುತ್ತದೆ.

ಇದು ನಡೆಯಬೇಕಾದರೆ ಒಂದು ನಿಯಮ ಕಡ್ಡಾಯ. ಸೆಷನ್ ಮುಗಿಯುವಾಗ ಎಲ್ಲರೂ ಡಂಜನ್‌ನಿಂದ ಹೊರಗಿರಬೇಕು. ಒಳಗೇ ನಿಲ್ಲಿಸಿದರೆ ಮುಂದಿನ ವಾರವೂ ಅದೇ ಐದು ಜನ ಬೇಕಾಗುತ್ತದೆ, ಮತ್ತೆ ಹಳೇ ರಾಮಾಯಣ. ಕೊನೆ ಮೆಟ್ರೋ ಹಿಡಿಯಬೇಕಾದವರು ಇರುವುದರಿಂದ ಗಡಿಯಾರ ಹೇಗೂ ಇದೆ. ಮುಗಿಯಲು ಒಂದು ಗಂಟೆ ಇರುವಾಗ ಡಿಎಂ ಹೇಳಿಬಿಡಬೇಕು. ಆಗ ಮೇಜಿನ ಮೇಲಿನ ಮಾತೇ ಬದಲಾಗುತ್ತದೆ. "ಇನ್ನೊಂದೇ ಒಂದು ಬಾಗಿಲು ನೋಡೋಣ" ಅನ್ನುವವರು ಒಂದು ಕಡೆ, "ಬೇಡಪ್ಪ, ಸಿಕ್ಕಿದ್ದು ಸಾಕು" ಅನ್ನುವವರು ಇನ್ನೊಂದು ಕಡೆ. ಹೊರಗೆ ಬರಲಾಗದಿದ್ದರೆ ಒಂದು ದಾಳ: ಕೆಲವರು ಹೇಗೋ ಪಾರು, ಕೆಲವರು ಚಿನ್ನ ಬಿಟ್ಟು ಪಾರು, ಕೆಲವರು ಕಪ್ಪೆಜನರ ಸೆರೆಯಲ್ಲಿ. ಸೆರೆ ಸಿಕ್ಕವರನ್ನು ಬಿಡಿಸುವುದು ಮುಂದಿನ ವಾರ ಬಂದವರ ಪಾಲಿಗೆ.

ಮ್ಯಾಪು ಬರೆಯುವುದು ಆಟಗಾರರ ಕೆಲಸ. ನಿಮ್ಮ ಮ್ಯಾಪು ತೋರಿಸಬೇಡಿ, ಫೋನಿನಲ್ಲೂ ಕಳಿಸಬೇಡಿ. ಅವರು ತಪ್ಪು ಬರೆದರೆ ತಪ್ಪೇ ಇರಲಿ. ಗ್ರೂಪಿನಲ್ಲಿ ಒಂದೇ ಗ್ರಾಫ್ ಪುಸ್ತಕ ಕೈಯಿಂದ ಕೈಗೆ ಹೋಗಲಿ. ಒಂದಷ್ಟು ಸೆಷನ್ ಆದ ಮೇಲೆ ಅದರಲ್ಲಿ ನೀವು ಇಡದ ಹೆಸರುಗಳು ಕಾಣುತ್ತವೆ: ಬಾವಲಿ ಗಲ್ಲಿ, ಕಾಲು ಮುರಿದ ಮೆಟ್ಟಿಲು, ಹಿಂದೆ ನೋಡಬೇಡ ಸರ್ಕಲ್. ಆ ಹೆಸರುಗಳನ್ನೇ ನೀವೂ ಬಳಸಿ. ಆಟ ಕನ್ನಡದಲ್ಲಿ ನಡೆದರೆ ಇದು ಬೇಗ ಆಗುತ್ತದೆ, ಸುಮ್ನೆ ಹೇಳುತ್ತಿಲ್ಲ.

ಎರಡು ಸೆಷನ್ ನಡುವೆ ಡಿಎಂಗೆ ಅರ್ಧ ಗಂಟೆ ಕೆಲಸ ಇದೆ. 1979ರಲ್ಲಿ ಗೈಗ್ಯಾಕ್ಸ್ ಡಿಎಂಗಳಿಗೆ ಹೇಳಿದ್ದು, ಸಮಯದ ಲೆಕ್ಕ ಕಟ್ಟುನಿಟ್ಟಾಗಿ ಇಡದಿದ್ದರೆ ಕ್ಯಾಂಪೇನ್‌ಗೆ ಅರ್ಥವೇ ಇರುವುದಿಲ್ಲ ಅಂತ. ಆಟ ಇಲ್ಲದ ದಿನಗಳಲ್ಲಿ ಇಲ್ಲಿ ಒಂದು ದಿನ ಕಳೆದರೆ ಅಲ್ಲೂ ಒಂದು ದಿನ ಅಂತ ಹಿಡಿಯಿರಿ, ಲೆಕ್ಕ ಸುಲಭ. ಆ ದಿನಗಳಲ್ಲಿ ಒಳಗೆ ಏನಾಯಿತು? ಖಾಲಿಯಾದ ರೂಮುಗಳಿಗೆ ಮತ್ತೆ ದಾಳ ಹಾಕಿ. ಕೊಂದ ಗಾಬ್ಲಿನ್‌ಗಳ ಜಾಗಕ್ಕೆ ಗಾಬ್ಲಿನ್‌ಗಳೇ ಬರಬೇಕಿಲ್ಲ, ಹೆಣದ ವಾಸನೆ ಹಿಡಿದು ಇನ್ನೇನೋ ಬಂದಿರಬಹುದು. ಒಡೆದ ಬಾಗಿಲಿಗೆ ಕುಳ್ಳರು ಹೊಸ ಅಗುಳಿ ಹಾಕಿರಬಹುದು. ಎಲ್ಲವನ್ನೂ ತುಂಬಬೇಡಿ. ಕಷ್ಟಪಟ್ಟು ಸಾಫ್ ಮಾಡಿದ ದಾರಿ ಪ್ರತಿ ವಾರ ಮೊದಲಿನಂತೆ ತುಂಬಿದ್ದರೆ ಯಾರಿಗೆ ಬೇಕು ಆ ಕೆಲಸ?

ಶುರು ಮಾಡಲು ಹನ್ನೆರಡು ಲೆವೆಲ್ ಬೇಕಿಲ್ಲ. ಮೊದಲ ಲೆವೆಲ್‌ಗೆ ನಲವತ್ತು ರೂಮು, ಎರಡನೆಯದಕ್ಕೆ ಅಷ್ಟೇ, ಮೂರನೆಯದರ ಒಂದು ಗೀಚು ನಕ್ಷೆ. ಅಲೆಯುವ ರಾಕ್ಷಸರ ಪಟ್ಟಿ ಒಂದೊಂದು ಲೆವೆಲ್‌ಗೆ ಆರು ಸಾಲು. ಹತ್ತು ಗಾಳಿಸುದ್ದಿ. ಪಂಜು, ಎಣ್ಣೆ, ಹಗ್ಗ ಮಾರುವ ಒಂದು ಅಂಗಡಿ ಇರುವ ಪೇಟೆ. ಮೂರು ಕಡೆ ಕೆಳಗಿಳಿಯುವ ದಾರಿ ಇರಲಿ, ಅದರಲ್ಲಿ ಒಂದು ಮುಚ್ಚಿಟ್ಟದ್ದು. ಇಷ್ಟಿದ್ದರೆ ಗ್ರೂಪಿಗೆ ತಾರೀಖು ಹಾಕಿ. ನಾಲ್ಕನೇ ಲೆವೆಲ್ ಬರೆಯುವುದು ಯಾರಾದರೂ ಅದರ ಮೆಟ್ಟಿಲು ಕಂಡು, ಜೀವಂತ ಹೊರಗೆ ಬಂದು, ಗ್ರಾಫ್ ಪುಸ್ತಕದಲ್ಲಿ ಗುರುತು ಹಾಕಿದ ಮೇಲೆ.